ಮೊಳೆಯಿಂದ ಕೀಲಿಮಣೆಗೆ

ದುಡಿಯುವ ಮನುಷ್ಯನಿಗೆ ತನ್ನ ಉಪಕರಣದ ಮೇಲೆ ಮಮತೆ ಇರುವುದು ಸಹಜ. ರೈತನಿಗೆ ನೇಗಿಲು, ಬಡಗಿಗೆ ಉಳಿ, ನೇಕಾರನಿಗೆ ಲಾಳಿ ಇವು ಬರಿಯ ವಸ್ತುಗಳಲ್ಲ. ವರ್ಷಗಟ್ಟಲೆ ಬಳಸಿದ ಮೇಲೆ ಅವು ಅವರವರ ಕೈಗಳಷ್ಟೇ ಸ್ವಂತವಾಗಿಬಿಡುತ್ತವೆ. ಆದರೆ ಕಾಲ ಯಾರ ಮಮತೆಯನ್ನೂ ಲೆಕ್ಕಿಸುವುದಿಲ್ಲ. ಒಂದು ದಿನ ಹಳೆಯ ಉಪಕರಣ ಮೂಲೆ ಸೇರುತ್ತದೆ. ಹೊಸದು ಬಂದು ಅದರ ಸ್ಥಾನದಲ್ಲಿ ನಿಲ್ಲುತ್ತದೆ. ಆಗ ಕೆಲಸಗಾರನ ಮುಂದೆ ಕಠಿಣವಾದ ಪ್ರಶ್ನೆಯೊಂದು ಏಳುತ್ತದೆ: ಇಷ್ಟು ದಿನ ತಾನು ಗಳಿಸಿದ ಕುಶಲತೆಗೆ ಇನ್ನು ಬೆಲೆಯುಂಟೆ? ಕನ್ನಡ ಮುದ್ರಣದ ಇತಿಹಾಸ ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡುತ್ತದೆ.

ಕನ್ನಡದ ಅಕ್ಷರವನ್ನು ಓದುಗನಿಗೆ ಮುಟ್ಟಿಸುವ ಕಸುಬು ಹಲವು ಬಾರಿ ರೂಪ ಬದಲಿಸಿದೆ. ಹಿಂದೆ ಲಿಪಿಕಾರರು ಕಬ್ಬಿಣದ ಕಂಠದಿಂದ ತಾಳೆಗರಿಯ ಮೇಲೆ ಅಕ್ಷರಗಳನ್ನು ಕೊರೆಯುತ್ತಿದ್ದರು. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಆ ಬೃಹತ್ ಗ್ರಂಥದ ಪುಟಗಳ ಹಿಂದೆ ಸಣ್ಣ ಸಣ್ಣ ಮೊಳೆಗಳನ್ನು ಒಂದೊಂದಾಗಿ ಆಯ್ದು ಜೋಡಿಸಿದ ಕೈಗಳ ಶ್ರಮವಿದೆ.

ಮೊಳೆ ಜೋಡಿಸುವವನ ಕೆಲಸ ಸುಲಭವಾದುದಾಗಿರಲಿಲ್ಲ. ಸೀಸ, ತವರ ಮತ್ತು ಆಂಟಿಮನಿಗಳ ಮಿಶ್ರಲೋಹದಲ್ಲಿ ಎರಕಹೊಯ್ದ ಮೊಳೆಗಳು ಮರದ ಪೆಟ್ಟಿಗೆಯ ಖಾನೆಗಳಲ್ಲಿ ತುಂಬಿರುತ್ತಿದ್ದವು. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರಗಳ ಕೆಲವೇ ಖಾನೆಗಳು ಸಾಕು. ಕನ್ನಡಕ್ಕಾದರೋ ಗುಣಿತಾಕ್ಷರಗಳೂ ಒತ್ತಕ್ಷರಗಳೂ ಸೇರಿ ನೂರಾರು ಬಗೆಯ ಮೊಳೆಗಳು ಬೇಕಾಗುತ್ತಿದ್ದವು. ಕಣ್ಣು ಹಸ್ತಪ್ರತಿಯ ಮೇಲೆ, ಕೈ ಖಾನೆಯ ಕಡೆಗೆ. ಯಾವ ಅಕ್ಷರ ಎಲ್ಲಿದೆ ಎಂಬುದನ್ನು ಬೆರಳುಗಳೇ ಬಲ್ಲವು. ಮೊಳೆಯ ಮೇಲೆ ಅಕ್ಷರ ತಿರುವುಮುರುವಾಗಿರುತ್ತದೆ. ಅದನ್ನು ಹಾಗೆಯೇ ಓದಲು ಕಣ್ಣು ಪಳಗಬೇಕು. ಜೋಡಿಸಿದ ಸಾಲುಗಳಿಂದ ಕರಡಚ್ಚು ತೆಗೆದು, ತಪ್ಪು ಗುರುತಿಸಿ, ಚಿಮಟದಿಂದ ಮೊಳೆ ಕಿತ್ತು ಬೇರೊಂದನ್ನಿಟ್ಟ ಮೇಲೆ ಪುಟ ಯಂತ್ರಕ್ಕೆ ಹೋಗುತ್ತಿತ್ತು. ಅಚ್ಚು ಮುಗಿದ ಅನಂತರ ಮೊಳೆಗಳನ್ನು ತೊಳೆದು ಮರಳಿ ಅದರದರ ಖಾನೆಗೆ ಸೇರಿಸಬೇಕು. ಒಂದು ಮೊಳೆ ತಪ್ಪಾದ ಖಾನೆಗೆ ಬಿದ್ದರೆ ನಾಳೆಯ ಪುಟದಲ್ಲಿ ಒಂದು ತಪ್ಪು ಇಂದೇ ಹುಟ್ಟಿದಂತೆ.

ಈ ಕೆಲಸ 1980ರ ದಶಕದಿಂದೀಚೆಗೆ ಬೇಗಬೇಗ ಬದಲಾಯಿತು. ಮೊದಲು ಫೋಟೋ ಟೈಪ್‌ಸೆಟ್ಟಿಂಗ್ ಮತ್ತು ಆಫ್‌ಸೆಟ್ ಯಂತ್ರಗಳು, ಬಳಿಕ ಗಣಕಯಂತ್ರಗಳು ಮುದ್ರಣಾಲಯಗಳನ್ನು ಪ್ರವೇಶಿಸಿದವು. ಕೆ. ಪಿ. ರಾವ್ ಅವರು ಕನ್ನಡದ ವರ್ಣಗಳನ್ನೆಲ್ಲ ಸಾಮಾನ್ಯ ಕೀಲಿಮಣೆಯ ಕೆಲವೇ ಕೀಲಿಗಳಲ್ಲಿ ಅಳವಡಿಸುವ ಜಾಣ್ಮೆಯ ವಿನ್ಯಾಸವನ್ನು ರೂಪಿಸಿಕೊಟ್ಟರು. 1998ರಲ್ಲಿ ‘ಬರಹ’ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಳಕೆಗೆ ಬಂದಿತು. ನೂರಾರು ಖಾನೆಗಳ ಪೆಟ್ಟಿಗೆಯ ಕೆಲಸವನ್ನು ಒಂದು ಕೀಲಿಮಣೆ ವಹಿಸಿಕೊಂಡಿತು. ಮೊಳೆಗಳು ತೂಕದ ಲೆಕ್ಕದಲ್ಲಿ ಮಾರಾಟವಾದವು. ಮೊಳೆ ಜೋಡಿಸುತ್ತಿದ್ದವರಲ್ಲಿ ಕೆಲವರು ಕೀಲಿಮಣೆ ಕಲಿತರು. ಕೆಲವರು ರಟ್ಟು ಕಟ್ಟುವ ಕೆಲಸಕ್ಕೆ ಸರಿದರು. ಕೆಲವರು ಕಸುಬನ್ನೇ ಬಿಟ್ಟರು.

ಕೀಲಿಮಣೆ ಕಲಿತವರು ಹಳೆಯದೆಲ್ಲವನ್ನೂ ಮರೆತು ಹೊಸದಾಗಿ ಆರಂಭಿಸಿದರೆಂದು ತಿಳಿಯಬಾರದು. ಖಾನೆಗಳ ನೆನಪು ನಿರುಪಯುಕ್ತವಾಯಿತು, ನಿಜ. ತಿರುವುಮುರುವು ಅಕ್ಷರ ಓದುವ ಶಕ್ತಿಯೂ ಬೇಡವಾಯಿತು. ಆದರೆ ಅರ್ಕಾವೊತ್ತು ಎಲ್ಲಿರಬೇಕು, ಪದವನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಒಡೆಯಬಹುದು, ಅಲ್ಪಪ್ರಾಣವೆಲ್ಲಿ, ಮಹಾಪ್ರಾಣವೆಲ್ಲಿ ಎಂಬ ತಿಳಿವಳಿಕೆ ಮೊದಲಿನಂತೆಯೇ ಬೇಕಾಗಿತ್ತು. ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚಾದ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರಗಳು ಚದುರಿಹೋಗುವುದುಂಟು. ಆ ದೋಷ ಮೊದಲು ಕಾಣುವುದು ಅಕ್ಷರದ ಸ್ವರೂಪವನ್ನು ಬಲ್ಲ ಕಣ್ಣಿಗೆ. ಕೈಯ ಅಭ್ಯಾಸ ಉಪಕರಣದೊಂದಿಗೆ ಹೋಗುತ್ತದೆ. ಕೆಲಸದ ತಿಳಿವಳಿಕೆ ಕೆಲಸಗಾರನೊಂದಿಗೆ ಉಳಿಯುತ್ತದೆ.

ಯಂತ್ರ ಎಷ್ಟೇ ಚತುರವಾಗಿದ್ದರೂ ಹೊಣೆಯನ್ನು ಹೊರಲಾರದು. ‘ಹಾಲು’ ಎಂದಿರಬೇಕಾದಲ್ಲಿ ‘ಹಾಳು’ ಎಂದು ಅಚ್ಚಾದರೆ ಪದಪರೀಕ್ಷೆಯ ತಂತ್ರಾಂಶ ಸುಮ್ಮನಿರಬಹುದು. ಏಕೆಂದರೆ ಎರಡೂ ನಿಘಂಟಿನಲ್ಲಿರುವ ಪದಗಳೇ. ‘ಬೆಳೆ’ ‘ಬೇಳೆ’ಯಾದರೂ, ‘ಮನೆ’ ‘ಮಣೆ’ಯಾದರೂ ಅಷ್ಟೇ. ಕತೆಯ ಪುಸ್ತಕದಲ್ಲಿ ಇಂಥ ತಪ್ಪು ನಗೆಗೆ ಕಾರಣವಾಗಿ ಮುಗಿಯಬಹುದು. ಔಷಧದ ಪ್ರಮಾಣವನ್ನು ತಿಳಿಸುವ ಚೀಟಿಯಲ್ಲಿ ಒಂದು ಸೊನ್ನೆ ಹೆಚ್ಚಾದರೆ ಅದು ನಗುವ ವಿಷಯವಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಮೊಳೆಯ ಕಾಲದಲ್ಲಿ ತಿದ್ದುವುದು ಕಷ್ಟವಾಗಿತ್ತು. ಒಂದು ಪದ ಸೇರಿಸಿದರೆ ಹಲವು ಸಾಲುಗಳನ್ನು ಮತ್ತೆ ಜೋಡಿಸಬೇಕಾಗುತ್ತಿತ್ತು. ಆದುದರಿಂದ ಎಲ್ಲರೂ ಮೊದಲೇ ಎಚ್ಚರವಹಿಸುತ್ತಿದ್ದರು. ಈಗ ತಿದ್ದುವುದು ಕ್ಷಣದ ಕೆಲಸ. ‘ಆಮೇಲೆ ತಿದ್ದಿದರಾಯಿತು’ ಎಂಬ ಮಾತು ಹುಟ್ಟಿಕೊಂಡಿದ್ದು ಈ ಸೌಲಭ್ಯದಿಂದಲೇ. ಆದರೆ ಆ ‘ಆಮೇಲೆ’ ಅನೇಕ ವೇಳೆ ಬರುವುದೇ ಇಲ್ಲ. ಸೌಲಭ್ಯ ಹೆಚ್ಚಿದಂತೆ ಎಚ್ಚರ ಕಡಿಮೆಯಾದರೆ ಯಂತ್ರ ಉಳಿಸಿಕೊಟ್ಟ ಸಮಯ ವ್ಯರ್ಥವೇ ಸರಿ. ಉಳಿದ ಸಮಯದಲ್ಲಿ ಒಮ್ಮೆ ಹೆಚ್ಚಾಗಿ ಓದಿ ನೋಡುವವನೇ ನಿಜವಾದ ಕಸುಬುದಾರ.

ಆದರೆ ಬದಲಾವಣೆಯ ಭಾರವನ್ನೆಲ್ಲ ಕೆಲಸಗಾರನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಇಪ್ಪತ್ತೈದು ವರ್ಷ ನಿಂತು ದುಡಿದವನಿಗೆ ‘ಕಲಿ, ಇಲ್ಲವೆ ಹೊರಡು’ ಎನ್ನುವುದು ಸುಲಭ. ವಯಸ್ಸಾದವರು ಕಲಿಯಲಾರರು ಎಂಬ ಮಾತಿನ ಹಿಂದೆ ಅನೇಕ ಸಲ ಕಲಿಸುವ ತಾಳ್ಮೆಯಿಲ್ಲದವರ ಸೋಮಾರಿತನ ಅಡಗಿರುತ್ತದೆ. ಹೊಸ ಯಂತ್ರಕ್ಕೆ ಹಣ ಹೂಡುವ ಮಾಲೀಕನು ಅದನ್ನು ನಡೆಸಬೇಕಾದವನ ಕಲಿಕೆಗೂ ಹಣ ಹೂಡಬೇಕು. ಕಲಿಯುವ ದಿನಗಳಲ್ಲಿ ಅವನ ಸಂಬಳಕ್ಕೆ ಕತ್ತರಿ ಹಾಕಬಾರದು. ಹೀಗೆ ಮಾಡುವುದು ದಯೆಯಲ್ಲ, ವಿವೇಕ. ಅನುಭವಿಯನ್ನು ಕಳುಹಿಸಿದ ಸಂಸ್ಥೆ ಅವನ ಜೊತೆಯಲ್ಲಿ ತನ್ನ ತಪ್ಪುಗಳನ್ನು ಹಿಡಿಯುವ ಕಣ್ಣನ್ನೂ ಕಳುಹಿಸಿದಂತಾಗುತ್ತದೆ. ಕೆಲಸಗಾರನೂ ತನ್ನ ಪಾಲಿನ ಕರ್ತವ್ಯವನ್ನು ಮರೆಯಬಾರದು. ತನಗಿಂತ ಚಿಕ್ಕವನಿಂದ ಕಲಿಯುವುದು ಅವಮಾನವೆಂದು ಭಾವಿಸಿದರೆ ಅವನಿಗೆ ಯಾರೂ ನೆರವಾಗಲಾರರು.

ಇಂದು ಮತ್ತೊಂದು ಬದಲಾವಣೆ ಬಾಗಿಲಿಗೆ ಬಂದಿದೆ. ವಾಕ್ಯಗಳನ್ನು ತಾನೇ ರಚಿಸುವ, ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸುವ ಯಂತ್ರಗಳು ಬಳಕೆಗೆ ಬಂದಿವೆ. ಈಗ ಶಾಲೆಯಲ್ಲಿರುವ ಮಕ್ಕಳು ದುಡಿಮೆಗೆ ತೊಡಗುವ ಹೊತ್ತಿಗೆ ಇನ್ನೆಂತಹ ಉಪಕರಣಗಳು ಬಂದಿರುತ್ತವೆಯೋ ಊಹಿಸುವುದು ಕಷ್ಟ. ಆದರೆ ಅಂದು ತಾಳೆಗರಿಯ ಲಿಪಿಕಾರನು ಗ್ರಂಥದ ಕೊನೆಯಲ್ಲಿ, ತನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ವಿನಯದಿಂದ ಬಿನ್ನವಿಸುತ್ತಿದ್ದನು. ಮೊಳೆಯ ಕಾಲದ ಪುಸ್ತಕಗಳಲ್ಲಿ ‘ತಪ್ಪು–ಒಪ್ಪು’ಗಳ ಪಟ್ಟಿ ಇರುತ್ತಿತ್ತು. ಉಪಕರಣ ಬೇರೆಯಾದರೂ ಇವರಿಬ್ಬರ ಮನೋಧರ್ಮ ಒಂದೇ. ಕೆಲಸ ತನ್ನದು, ತಪ್ಪಾದರೆ ಅದೂ ತನ್ನದೇ ಎಂದು ಒಪ್ಪಿಕೊಳ್ಳುವ ಧೈರ್ಯ ಅದು. ‘ಯಂತ್ರ ಹಾಗೆ ಮಾಡಿತು’ ಎಂದು ಜಾರಿಕೊಳ್ಳುವವನು ಎಷ್ಟು ಹೊಸ ಉಪಕರಣ ಹಿಡಿದರೂ ಕಸುಬುದಾರನಾಗಲಾರ. ಹೊಸದನ್ನು ಕಲಿಯುವ ವಿನಯ, ಮಾಡಿದ್ದಕ್ಕೆ ಹೊಣೆಯಾಗುವ ಧೈರ್ಯ ಇವೆರಡೂ ಉಳ್ಳವನ ದುಡಿಮೆಗೆ ಯಾವ ಕಾಲದಲ್ಲಿಯೂ ಬೆಲೆಯುಂಟು.