ಕರಿಹೊಗೆ ಬಲದ ಗುರುತಲ್ಲ

ಪಣಂಬೂರು ಬಂದರಿನಿಂದ ಸರಕು ಹೇರಿಕೊಂಡು ಪಾಣೆಮಂಗಳೂರು ದಾಟಿ ಶಿರಾಡಿ ಘಾಟಿ ಏರುವ ಲಾರಿಗೆ ಅಶ್ವಶಕ್ತಿ ಹೆಚ್ಚು ಬೇಕು. ಅದಕ್ಕೆ ಡೀಸೆಲ್ ಹೆಚ್ಚಿಸಿದರೆ ಸಾಕೇ? ಸಾಲದು. ತಕ್ಕಷ್ಟು ಗಾಳಿಯಿಲ್ಲದಿದ್ದರೆ ಅದು ಅರೆಬರೆ ಉರಿದು ಮಸಿಯಾಗುತ್ತದೆ. ಟರ್ಬೋಚಾರ್ಜರ್ ಗಾಳಿಯನ್ನು ಒತ್ತಿ ತುಂಬುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸಿ ಸಾಂದ್ರಗೊಳಿಸುತ್ತದೆ. ನಿಜವಾದ ಬಲ ಬರುವುದು ಹೀಗೆ.

ಆದರೆ ಉರಿಯ ತಾಪ ಏರಿದಂತೆ ಗಾಳಿಯ ಸಾರಜನಕವೂ ಆಮ್ಲಜನಕದೊಡನೆ ಕೂಡಿ ವಿಷಾನಿಲವಾಗುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮದ ಭಾರಿ ಲಾರಿಗಳಲ್ಲಿ ಮಸಿಯನ್ನು ಫಿಲ್ಟರ್ ಹಿಡಿಯುತ್ತದೆ, ಶೇಕಡಾ 32.5ರ ಯೂರಿಯಾ ದ್ರಾವಣದಿಂದ ಹುಟ್ಟುವ ಅಮೋನಿಯಾ ಆ ವಿಷಾನಿಲವನ್ನು ಸಾರಜನಕ ಮತ್ತು ನೀರಾಗಿಸುತ್ತದೆ.

ಬಲ ಹೆಚ್ಚಲೆಂದು ಇವನ್ನು ಕಳಚಿದರೆ ಬೆಲೆ ತೆರುವುದು ರಸ್ತೆಬದಿಯಲ್ಲಿ ನಡೆಯುವ ಶಾಲಾಮಕ್ಕಳ ಶ್ವಾಸಕೋಶ. ಲಾರಿ ಕರಿಹೊಗೆ ಕಾರಿದಾಗ ನೆನಪಿಡಿ: ಅದು ಪೂರ್ತಿ ಉರಿಯದೆ ಪೋಲಾದ ಡೀಸೆಲ್.