ಗಡಿ ದಾಟಬೇಕಾದ ಆರೋಗ್ಯಪಾಠ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಅದರ ಬೆನ್ನಿಗೇ ಸುತ್ತಲಿನ ಹಳ್ಳಿಗರು ಜ್ವರದಿಂದ ಮಡಿಯತೊಡಗಿದಾಗ, ಆ ರೋಗದ ಮೂಲವನ್ನು ಪತ್ತೆಹಚ್ಚಿದ್ದು ನಮ್ಮ ಪುಣೆಯ ವೈರಸ್ ಸಂಶೋಧನಾ ಕೇಂದ್ರ. 1952ರಲ್ಲಿ ಆರಂಭವಾದ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ದಶಕಗಳ ಬಳಿಕ ಅದೇ ಮಂಗನ ಕಾಯಿಲೆ ಕೇರಳದ ವಯನಾಡಿನಲ್ಲಿ, ಗೋವೆಯ ಸತ್ತರಿಯಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಕಾಣಿಸಿಕೊಂಡಿತು. ಕಾಡಿಗೆ ಹೋಗುವವರು ಮೈಗೆ ಎಣ್ಣೆ ಸವರಿಕೊಳ್ಳಬೇಕು, ಮರಳಿ ಬಂದವರು ಬಿಸಿನೀರಿನಲ್ಲಿ ಮಿಂದು ಉಣುಗುಗಳನ್ನು ತೆಗೆಯಬೇಕು, ಮಂಗ ಸತ್ತರೆ ಕೂಡಲೇ ವರದಿ ಮಾಡಬೇಕು ಎಂಬ ಎಚ್ಚರಿಕೆಗಳು ಮಲೆನಾಡಿನ ಆರೋಗ್ಯ ಕಾರ್ಯಕರ್ತೆಗೆ ಕರತಲಾಮಲಕ. ಸಿಂಧುದುರ್ಗದ ಕಾರ್ಯಕರ್ತೆಗೆ ಅವೆಲ್ಲ ಹೊಸ ಪಾಠ. ರೋಗ ಗಡಿ ದಾಟಿದಷ್ಟು ಸಲೀಸಾಗಿ ಅದನ್ನೆದುರಿಸುವ ಅರಿವು ಗಡಿ ದಾಟುವುದಿಲ್ಲವೇಕೆ? ಹೊರನಾಡ ಕನ್ನಡಿಗರಾದ ನಾವು ಕೇಳಲೇಬೇಕಾದ ಪ್ರಶ್ನೆಯಿದು.

ಅರಿವನ್ನು ದಾಟಿಸುವ ಸಾಧನವಿಲ್ಲವೆಂದು ಇಂದು ಯಾರೂ ಹೇಳುವಂತಿಲ್ಲ. ಶಿಕ್ಷಕರಿಗಾಗಿ 2017ರಲ್ಲಿ ಆರಂಭವಾದ 'ದೀಕ್ಷಾ' ವೇದಿಕೆಯ ಮೇಲೆಯೇ 2020ರ ಏಪ್ರಿಲ್‌ನಲ್ಲಿ, ಕೊರೋನಾ ಹಾವಳಿಯ ನಡುವೆ, ವೈದ್ಯರು, ದಾದಿಯರು, ಪೌರಕಾರ್ಮಿಕರು, ಪೊಲೀಸರಿಗಾಗಿ 'ಐಗಾಟ್' ಎಂಬ ಕಲಿಕಾ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ ತೆರೆಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅನುಮೋದನೆ ಪಡೆದ 'ಮಿಷನ್ ಕರ್ಮಯೋಗಿ'ಯ ಮೂಲಕ ಸರ್ಕಾರಿ ನೌಕರವರ್ಗದ ತರಬೇತಿಗೆ ಇಂಥದೇ ಸಮಾನ ವೇದಿಕೆ ರೂಪುಗೊಂಡಿತು. ದೀಕ್ಷಾಕ್ಕೆ ತಳಹದಿಯಾದ 'ಸನ್‌ಬರ್ಡ್' ಎಂಬ ಮುಕ್ತ ತಂತ್ರಾಂಶ ಸಿದ್ಧವಾದದ್ದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ ಎಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬಹುದು. ಆದರೆ ಅಭಿಮಾನದಷ್ಟರಲ್ಲೇ ತೃಪ್ತರಾದರೆ ಸಾಲದು. ಚಪ್ಪರ ಹಾಕಿದವರು ನಾವಾದರೂ ಪಂಕ್ತಿಯಲ್ಲಿ ನಮ್ಮವರಿಗೆ ಎಲೆ ಬಿದ್ದಿದೆಯೇ ಎಂದು ನೋಡಬೇಕು.

ಪುಣೆಯಿಂದ ಸೊಲ್ಲಾಪುರದ ದಾರಿ ಹಿಡಿದು ಅಕ್ಕಲಕೋಟೆಗೆ ಹೋಗಿ. ಇಲ್ಲವೇ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವಭಾಗದ ಹಳ್ಳಿಗಳನ್ನು ಹೊಕ್ಕು ಬನ್ನಿ. ಮನೆಯೊಳಗಿನ ಮಾತು ಕನ್ನಡ. ಕಚೇರಿಯ ಕಾಗದ ಮರಾಠಿ. ಅಲ್ಲಿನ ಆಶಾ ಕಾರ್ಯಕರ್ತೆ ತರಬೇತಿಯನ್ನು ಮರಾಠಿಯಲ್ಲಿ ಪಡೆದು, ದಾಖಲೆಯನ್ನು ಮರಾಠಿಯಲ್ಲಿ ಬರೆದು, ಬಾಣಂತಿಯ ಕೋಣೆಯಲ್ಲಿ ಅದನ್ನೆಲ್ಲ ತಾನೇ ಕನ್ನಡಕ್ಕೆ ತಿರುಗಿಸಿ ಹೇಳಬೇಕು. ಯಾರೂ ಕಲಿಸದ, ಯಾರೂ ಸಂಬಳ ಕೊಡದ ಈ ಅನುವಾದದ ಹೊಣೆಯನ್ನು ಆಕೆ ಸದ್ದಿಲ್ಲದೆ ಹೊತ್ತಿದ್ದಾಳೆ. ಕಾಸರಗೋಡಿನ ಕನ್ನಡ ಹಳ್ಳಿಗಳಲ್ಲಿ ಮರಾಠಿಯ ಜಾಗದಲ್ಲಿ ಮಲಯಾಳವಿದೆ, ಅಷ್ಟೇ ವ್ಯತ್ಯಾಸ.

ಗಡಿರೇಖೆ ಎತ್ತ ಸರಿಯಬೇಕೆಂಬ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. 2004ರಲ್ಲಿ ಮಹಾರಾಷ್ಟ್ರ ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯದ ಮುಂದಿದೆ. ಆದರೆ ತೀರ್ಪಿಗಾಗಿ ಕಾಯುವಷ್ಟು ವ್ಯವಧಾನ ಮೂರು ದಿನದ ಹಸುಳೆಗೆ ಇರುವುದಿಲ್ಲ. ಕರ್ನಾಟಕದಲ್ಲಿ ತಯಾರಾದ ಕನ್ನಡ ಪಾಠವೊಂದನ್ನು ಜತ್ತದ ಕಾರ್ಯಕರ್ತೆಗೆ ತೆರೆದಿಡಲು ಯಾವ ಗಡಿಕಲ್ಲನ್ನೂ ಕೀಳಬೇಕಾಗಿಲ್ಲ. ವೇದಿಕೆ ಸಮಾನವೆಂದಮೇಲೆ ಒಂದು ರಾಜ್ಯ ಮಾಡಿದ ಪಾಠ ಮತ್ತೊಂದು ರಾಜ್ಯಕ್ಕೆ ದಕ್ಕಬೇಕು; ಅದನ್ನು ಕಲಿತದ್ದಕ್ಕೆ ಆಕೆಯ ರಾಜ್ಯ ಮಾನ್ಯತೆ ನೀಡಬೇಕು. ಇಷ್ಟಕ್ಕೆ ಬೇಕಾದದ್ದು ಎರಡು ಆರೋಗ್ಯ ಇಲಾಖೆಗಳ ನಡುವೆ ಒಂದು ಪತ್ರವ್ಯವಹಾರ.

'ಮಹಾರಾಷ್ಟ್ರದಲ್ಲಿರುವವರಿಗೆ ಮರಾಠಿ ಬರುತ್ತದಲ್ಲ, ಮತ್ತೇಕೆ ಕನ್ನಡ?' ಎಂಬ ಆಕ್ಷೇಪ ಸಹಜ. ಮರಾಠಿ ಬರುತ್ತದೆ, ಬರಲೂ ಬೇಕು. ಆ ನುಡಿಯ ಅನ್ನ ಉಂಡವರು ನಾವು, ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಇಲ್ಲಿ ಮುಖ್ಯವಾದದ್ದು ಕಾರ್ಯಕರ್ತೆಗೆ ಯಾವ ಭಾಷೆ ಬರುತ್ತದೆಂಬುದಲ್ಲ, ಆಕೆಯ ಮಾತು ಕೇಳುವ ತಾಯಿಗೆ, ಅತ್ತೆಗೆ, ಸೂಲಗಿತ್ತಿಗೆ ಯಾವ ಮಾತು ನಾಟುತ್ತದೆಂಬುದು. 'ಯಂತ್ರಾನುವಾದ ಬಂದಿದೆ, 2022ರಿಂದ ಸರ್ಕಾರದ ಭಾಷಿಣಿಯೇ ಇದೆ' ಎಂಬುದು ಇನ್ನೊಂದು ವಾದ. ಯಂತ್ರ ನೆರವಾಗಲಿ, ಬೇಡವೆನ್ನಲಾರೆ. ಆದರೆ 'ನಿರ್ಜಲೀಕರಣ' ಎಂಬ ಪದವನ್ನು ಅದು ತಪ್ಪಿಲ್ಲದೆ ಒದಗಿಸಿದರೂ, ಮೈಯ ನೀರು ಬತ್ತಿದೆ, ನೆತ್ತಿ ಒಳಗೆ ಕುಸಿದಿದೆ ಎಂದು ಹೇಳಬೇಕಾದ ಗಳಿಗೆಯಲ್ಲಿ ಆ ಪದ ಯಾರ ಕೈಹಿಡಿದೀತು? ಅಂಥ ಮಾತು ಹಳ್ಳಿಯ ಮನೆಗಳಲ್ಲಿ ಓಡಾಡಿದವರಿಂದಲೇ ಬರಬೇಕು.

ತರಬೇತಿಯೆಂದರೇನು ಎಂಬುದಕ್ಕೆ ಮಹಾರಾಷ್ಟ್ರದಲ್ಲೇ ಒಂದು ಉಜ್ವಲ ನಿದರ್ಶನವಿದೆ. ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಹೆಚ್ಚು ಓದಿರದ ಹಳ್ಳಿಯ ಹೆಂಗಸರಿಗೆ ನವಜಾತ ಶಿಶುವಿನ ಆರೈಕೆಯನ್ನು ಕಲಿಸಿದರು. ಉಸಿರನ್ನು ಎಣಿಸುವುದು, ತೂಕ ನೋಡುವುದು, ಮೈ ಬೆಚ್ಚಗಿಡುವುದು, ಅಪಾಯದ ಲಕ್ಷಣವನ್ನು ಗುರುತಿಸುವುದು ಇವೇ ಆ ಪಾಠಗಳು. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಮೂರನೆಯ ವರ್ಷಕ್ಕೆ ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಮರಣ, ಹೋಲಿಕೆಗೆ ಆಯ್ದ ಹಳ್ಳಿಗಳಿಗಿಂತ ಶೇ. 62ರಷ್ಟು ತಗ್ಗಿತ್ತು. ಇಂದು ದೇಶದಾದ್ಯಂತ ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು 42 ದಿನಗಳೊಳಗೆ ಆರು ಬಾರಿ ಮನೆಗೆ ಹೋಗಿ ನೋಡುವ ಪದ್ಧತಿಗೆ ಆ ಪ್ರಯೋಗವೇ ಪ್ರೇರಣೆ. ಅಲ್ಲಿನ ಕಲಿಕೆ ಸಾಗಿದ್ದು ಜನರ ಮಾತಿನಲ್ಲಿ, ಕೈಯ ಮೂಲಕ, ಪಕ್ಕದಲ್ಲಿ ನಿಂತು ತಿದ್ದುವವರ ಕಣ್ಣೆದುರು.

ಪರದೆಯ ಪಾಠಕ್ಕೆ ಈ ಮೂರನೆಯ ಗುಣ ಸುಲಭವಾಗಿ ಬರುವುದಿಲ್ಲ. ಕೇಂದ್ರ ಸರ್ಕಾರದ ಸೇವೆಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಆಚರಿಸಿದ ರಾಷ್ಟ್ರೀಯ ಕಲಿಕಾ ಸಪ್ತಾಹದಲ್ಲಿ ಪ್ರತಿ ನೌಕರನೂ ಕನಿಷ್ಠ 4 ಗಂಟೆ ಕಲಿಯಬೇಕೆಂಬ ಗುರಿಯಿತ್ತು. ಶ್ರದ್ಧೆಯಿಂದ ಕಲಿತವರಿದ್ದಾರೆ; ಚಿತ್ರವನ್ನು ಓಡಲು ಬಿಟ್ಟು ಕಡತ ನೋಡುತ್ತ ಕೂತವರೂ ಇದ್ದಾರೆ. ಪ್ರಮಾಣಪತ್ರ ಇಬ್ಬರಿಗೂ ಒಂದೇ. ಕಡತದ ಕೆಲಸದಲ್ಲಿ ಇದರ ನಷ್ಟ ಅಲ್ಪ. ಕೂಸಿನ ಉಸಿರು ಎಣಿಸುವ ಕೆಲಸದಲ್ಲಿ ಹಾಗಲ್ಲ.

ಹಾಗೆಂದು ದೂರಕಲಿಕೆಯನ್ನೇ ತಳ್ಳಿಹಾಕುವುದು ವಿವೇಕವಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದ 'ಎಕೋ' ಯೋಜನೆಯಲ್ಲಿ ಹಳ್ಳಿಯ ವೈದ್ಯರು ವಾರವಾರವೂ ತಮ್ಮ ರೋಗಿಯ ವಿವರವನ್ನು ತಜ್ಞರ ಮುಂದಿಟ್ಟು ಚರ್ಚಿಸುತ್ತಾರೆ. ಹೀಗೆ ಕಲಿತವರು ಹೆಪಟೈಟಿಸ್-ಸಿ ರೋಗಿಗಳಿಗೆ ನೀಡಿದ ಚಿಕಿತ್ಸೆ ವಿಶ್ವವಿದ್ಯಾಲಯದ ಆಸ್ಪತ್ರೆಯ ಚಿಕಿತ್ಸೆಗೆ ಸಮನಾಗಿತ್ತೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗದ ಚಿಕಿತ್ಸೆ ಕಲಿಸಿ ದೇಶಕ್ಕೇ ಮಾದರಿಯಾದ ಬೆಂಗಳೂರಿನ ನಿಮ್ಹಾನ್ಸ್, ಈಗ ಇದೇ ಮಾರ್ಗದಲ್ಲಿ ಛತ್ತೀಸಗಢದಂಥ ದೂರದ ರಾಜ್ಯದ ವೈದ್ಯರಿಗೂ ಪಾಠ ಹೇಳಿದೆ. ಛತ್ತೀಸಗಢಕ್ಕೆ ತಲಪುವ ಬೆಂಗಳೂರಿನ ಪಾಠ ಅಕ್ಕಲಕೋಟೆಗೆ ಕನ್ನಡದಲ್ಲಿ ತಲಪಲಾಗದೆ?

ಇನ್ನೊಂದು ಮಾತನ್ನು ಮರೆಯಬಾರದು. ಆಶಾ ಕಾರ್ಯಕರ್ತೆ ನಮ್ಮ ಕಾನೂನಿನ ಕಣ್ಣಿಗೆ ನೌಕರಳಲ್ಲ, ಗೌರವಧನ ಪಡೆಯುವ ಸ್ವಯಂಸೇವಕಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಸುಮಾರು 10 ಲಕ್ಷ ಆಶಾಗಳನ್ನು ಗೌರವಿಸಿತು. 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಅವರು ಧರಣಿ ಕುಳಿತಾಗ, ಪೋರ್ಟಲಿನ ದೋಷದಿಂದ ಕೈತಪ್ಪುವ ಪ್ರೋತ್ಸಾಹಧನವೂ ಅವರ ಅಳಲಾಗಿತ್ತು. ಹೊಲದ ಕೆಲಸ, ಮನೆಗೆಲಸ, ಮನೆಭೇಟಿ ಮುಗಿಸಿ ರಾತ್ರಿ ತನ್ನ ದುಡ್ಡಿನ ಡೇಟಾದಲ್ಲಿ ಪಾಠ ನೋಡೆಂದು ಆಕೆಗೆ ಹೇಳುವುದು ಶಿಕ್ಷಣವಲ್ಲ, ಇನ್ನೊಂದು ಹೇರಿಕೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಕರ್ನಾಟಕದ ಕನ್ನಡ ಆರೋಗ್ಯಪಾಠಗಳು ನೆರೆರಾಜ್ಯಗಳ ಕನ್ನಡ ಹಳ್ಳಿಗಳ ಕಾರ್ಯಕರ್ತೆಯರಿಗೆ ತೆರೆದಿರಲಿ. ಅಂತೆಯೇ ಕರ್ನಾಟಕದೊಳಗಿನ ಮರಾಠಿ ಮನೆಗಳಿಗಾಗಿ ಮಹಾರಾಷ್ಟ್ರದ ಮರಾಠಿ ಪಾಠಗಳು ಬೆಳಗಾವಿಗೂ ಬರಲಿ. ಕೊಡುವುದು, ಕೊಳ್ಳುವುದು ಎರಡೂ ಇದ್ದರೆ ಮಾತ್ರ ಅದು ಸಮಾನ ವೇದಿಕೆ. ಪ್ರತಿ ಪರದೆಯ ಪಾಠದ ಬೆನ್ನಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ದಿನದ ಕೈಪಾಠವಿರಲಿ. ಕಲಿತ ಗಂಟೆಗಳಿಗೆ ಹಣ ಸಲ್ಲಲಿ.

ಸರ್ಕಾರಗಳಿಗೆ ಮನವಿ ಬರೆದು ಕೈತೊಳೆದುಕೊಳ್ಳುವುದು ಸಂಘಕ್ಕೆ ಶೋಭಿಸದು. ಪುಣೆಯ ಕನ್ನಡಿಗರಲ್ಲಿ ನಿವೃತ್ತ ವೈದ್ಯರಿದ್ದಾರೆ, ದಾದಿಯರಿದ್ದಾರೆ, ಅಧ್ಯಾಪಕರಿದ್ದಾರೆ, ಎರಡೂ ನುಡಿಗಳಲ್ಲಿ ಪಳಗಿದ ತರುಣರಿದ್ದಾರೆ. ಅವರಲ್ಲಿ ಐದಾರು ಜನ ಸೇರಿ ಗಡಿನಾಡಿನ ಕಾರ್ಯಕರ್ತೆಯರೊಡನೆ ಕುಳಿತು, ಬಾಣಂತನದ ಮತ್ತು ಕೂಸಿನ ಆರೈಕೆಯ ನೂರು ಮಾತುಗಳನ್ನು ಅವರ ಕನ್ನಡದಲ್ಲೇ ಬರೆದುಕೊಂಡರೆ, ಮುಂದಿನ ಪಾಠ ಸಿದ್ಧಪಡಿಸುವವರ ಕೈಗೆ ಅದೊಂದು ಬೆಲೆಯುಳ್ಳ ಹೊತ್ತಗೆಯಾದೀತು. ರಾಜ್ಯೋತ್ಸವದ ಮೆರವಣಿಗೆಗೆ ಕೂಡಿಸುವ ಹಣದಲ್ಲಿ ಒಂದಂಶ ಇದಕ್ಕೆ ಸಾಕು. ಈ ನವೆಂಬರ್‌ನ ಸಭೆಯಲ್ಲಿ ಇದರ ಪ್ರಸ್ತಾಪ ಬರಲೆಂದು ಓದುಗ ಬಂಧುಗಳಲ್ಲಿ ವಿನಂತಿ.