ಏಟು ಒಂದು ಕೋಶಕ್ಕೆ, ನೋವು ನೆರೆಕೋಶಕ್ಕೂ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಹೆಸರು ಕೇಳದ ಕನ್ನಡಿಗರು ಕಡಿಮೆ. 1996ರಲ್ಲಿ ಪ್ರಧಾನಿಯಾದ ಎಚ್.ಡಿ. ದೇವೇಗೌಡರ ಹುಟ್ಟೂರು ಅದು. ಭೂವಿಜ್ಞಾನಿಗಳಿಗೆ ಮಾತ್ರ ಈ ತಾಲ್ಲೂಕು ಇನ್ನೊಂದು ಕಾರಣಕ್ಕೆ ಪರಿಚಿತ. ಇಲ್ಲಿನ ಹಳೆಯ ಬಂಡೆಗಳ ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು.

ಬಂಡೆಗಳಲ್ಲಿ, ಅವು ಸವೆದು ಆದ ಮಣ್ಣಿನಲ್ಲಿ ಎಳ್ಳಷ್ಟಾದರೂ ಯುರೇನಿಯಂ ಇರುತ್ತದೆ. ಅದು ಹಂತಹಂತವಾಗಿ ಕ್ಷಯಿಸಿ ರೇಡಿಯಂ ಆಗುತ್ತದೆ. ರೇಡಿಯಂನಿಂದ ರೇಡಾನ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣ, ವಾಸನೆ ಇಲ್ಲದ ಈ ಅನಿಲ ನೆಲದ ಬಿರುಕುಗಳಿಂದ ಮನೆಯೊಳಗೆ ಬರುತ್ತದೆ. ಇದು ಹರದನಹಳ್ಳಿಗೆ ಮಾತ್ರ ಬಂದ ಕಷ್ಟವಲ್ಲ. ಕಲ್ಲು ಮಣ್ಣು ಇರುವಲ್ಲೆಲ್ಲ ರೇಡಾನ್ ಉಂಟು. ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳ ಭೌತವಿಜ್ಞಾನಿಗಳು ಕರ್ನಾಟಕದ ಮನೆಗಳಲ್ಲಿ ಅದನ್ನು ಅಳೆದಿದ್ದಾರೆ.

ರೇಡಾನ್ ಮತ್ತು ಅದರಿಂದ ಹುಟ್ಟುವ ಧಾತುಗಳು ಆಲ್ಫಾ ಕಣಗಳನ್ನು ಹೊಮ್ಮಿಸುತ್ತವೆ. ಆಲ್ಫಾ ಕಣವನ್ನು ಒಂದು ಹಾಳೆ ಕಾಗದವೂ ತಡೆಯಬಲ್ಲದು. ಆದರೆ ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಹೋದರೆ ಅಲ್ಲಿನ ಕೋಮಲ ಕೋಶಗಳಿಗೆ ನೇರ ಏಟು ಬೀಳುತ್ತದೆ. ಸಾಮಾನ್ಯ ಮನೆಯಲ್ಲಿ ಹೀಗೆ ಏಟು ತಿನ್ನುವ ಕೋಶಗಳು ತೀರ ಕೆಲವು. ಹಾಗಿದ್ದರೆ ಉಳಿದ ಕೋಶಗಳು ಸುರಕ್ಷಿತ ತಾನೆ?

ಬಹುಕಾಲ ವಿಜ್ಞಾನಿಗಳು ಹಾಗೆಂದೇ ನಂಬಿದ್ದರು. 1992ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ನಾಗಾಸಾವಾ ಮತ್ತು ಲಿಟಲ್ ಈ ನಂಬಿಕೆಯನ್ನು ಅಲುಗಾಡಿಸಿದರು. ತಟ್ಟೆಯಲ್ಲಿ ಬೆಳೆಸಿದ ಹ್ಯಾಮ್‌ಸ್ಟರ್ ಕೋಶಗಳ ಮೇಲೆ ಅವರು ಅತ್ಯಲ್ಪ ಆಲ್ಫಾ ಕಣಗಳನ್ನು ಹಾಯಿಸಿದರು. ಕಣ ಹಾದುಹೋದದ್ದು ನೂರರಲ್ಲಿ ಒಂದು ಕೋಶಕೇಂದ್ರದ ಮೂಲಕ. ವರ್ಣತಂತುಗಳಲ್ಲಿ ಏರುಪೇರು ಕಂಡದ್ದು ನೂರರಲ್ಲಿ ಸುಮಾರು 30 ಕೋಶಗಳಲ್ಲಿ! ಇದಕ್ಕೆ ‘ಬೈಸ್ಟ್ಯಾಂಡರ್ ಪರಿಣಾಮ’ ಎಂದು ಹೆಸರಾಯಿತು. ಸುಮ್ಮನೆ ಪಕ್ಕದಲ್ಲಿ ನಿಂತವನಿಗೂ ತಟ್ಟುವ ಪರಿಣಾಮ ಎಂದರ್ಥ.

ಒಂದು ಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೆ ಪಕ್ಕದ ಮನೆಯವರೂ ಕೆಮ್ಮುತ್ತಾರಲ್ಲವೆ? ಏಟು ತಿಂದ ಕೋಶವೂ ಹಾಗೆಯೇ ಸುತ್ತಲಿನ ದ್ರವಕ್ಕೆ ರಾಸಾಯನಿಕ ಸಂದೇಶಗಳನ್ನು ಬಿಡುತ್ತದೆ. ಅಂಟಿಕೊಂಡಿರುವ ಕೋಶಗಳ ನಡುವೆ ಇರುವ ಸಣ್ಣ ಕಂಡಿಗಳ ಮೂಲಕವೂ ಸಂದೇಶ ದಾಟುತ್ತದೆ.

ಕೆಮ್ಮು ನಿಮಿಷದಲ್ಲಿ ನಿಲ್ಲುತ್ತದೆ. ಕೋಶದ ಗೊಂದಲ ಮಾತ್ರ ಬಹುಕಾಲ ಉಳಿಯಬಲ್ಲದು. ಇದರ ಗುಟ್ಟನ್ನು ಎಪಿಜೆನೆಟಿಕ್ಸ್ ಎಂಬ ವಿಜ್ಞಾನ ಶಾಖೆ ಹುಡುಕುತ್ತಿದೆ. ಡಿ.ಎನ್.ಎ.ಯನ್ನು ಪಠ್ಯಪುಸ್ತಕ ಎಂದುಕೊಳ್ಳಿ. ‘ಈ ಪಾಠ ಬೇಡ’ ಎಂದು ವಿದ್ಯಾರ್ಥಿ ಪೆನ್ಸಿಲ್ ಗುರುತು ಹಾಕುತ್ತಾನೆ. ಅಕ್ಷರ ಒಂದೂ ಬದಲಾಗದು; ಓದುವುದು ಬದಲಾಗುತ್ತದೆ. ಡಿ.ಎನ್.ಎ. ಮೇಲೆ ಕೂರುವ ಮೀಥೈಲ್ ಎಂಬ ಪುಟ್ಟ ಅಣುಗುಚ್ಛಗಳು ಇಂಥ ಗುರುತುಗಳು. ಸುಮ್ಮನಿರಬೇಕಾದ ಭಾಗಗಳನ್ನು ಸುಮ್ಮನಿರಿಸುವುದು ಅವುಗಳ ಒಂದು ಕೆಲಸ. ಕೋಶ ಇಬ್ಭಾಗವಾಗುವಾಗ ಪಠ್ಯದೊಂದಿಗೆ ಗುರುತುಗಳೂ ನಕಲಾಗುತ್ತವೆ. ಒಮ್ಮೆ ಅಳಿಸಿಹೋದರೆ ಆ ನಷ್ಟ ಮರಿಕೋಶಗಳಿಗೂ ಸಾಗಬಹುದು.

ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸಾಕ್ಷಿ. ಅವರು ಇಲಿಗಳ ದೇಹವನ್ನು ಮರೆಮಾಡಿ ತಲೆಗೆ ಮಾತ್ರ ಭಾರೀ ಪ್ರಮಾಣದ ಎಕ್ಸ್‌ರೇ ಹಾಯಿಸಿದರು. ಏಟೇ ಬೀಳದ ಗುಲ್ಮದಲ್ಲಿ 7 ತಿಂಗಳ ನಂತರವೂ ಮೀಥೈಲ್ ಗುರುತುಗಳು ಕಡಿಮೆಯಾಗಿದ್ದವು.

ಹಾಗೆಂದು ತಂದೆತಾಯಿಗಳು ಗಾಬರಿಯಾಗಬೇಕಿಲ್ಲ. ತಟ್ಟೆಯಲ್ಲಿ ಬೆಳೆಸಿದ ಕೋಶವೂ ಇಲಿಯೂ ಮನುಷ್ಯನಲ್ಲ. ನೆರೆಕೋಶದಲ್ಲಿ ಕಾಣುವ ಬದಲಾವಣೆಯೆಲ್ಲ ಕ್ಯಾನ್ಸರ್ ಆಗುವುದಿಲ್ಲ. ಕೆಟ್ಟ ಕೋಶ ತಾನೇ ಸತ್ತು ದೇಹವನ್ನು ಉಳಿಸುವುದೂ ಉಂಟು. ಕೇರಳದ ಕರುನಾಗಪಳ್ಳಿಯ ಕಡಲತೀರದಲ್ಲಿ ಥೋರಿಯಂ ಇರುವ ಮೊನಾಜೈಟ್ ಮರಳಿನಿಂದ ಸಹಜ ವಿಕಿರಣ ಹೆಚ್ಚು. ಅಲ್ಲಿನ ಸುಮಾರು 70,000 ಜನರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲ. ಇಡೀ ಮನುಷ್ಯರನ್ನು ಗಮನಿಸಿದ ಲೆಕ್ಕದಲ್ಲಿ ನೆರೆಕೋಶದ ಪಾಲೂ ಸೇರಿಯೇ ಇರುತ್ತದೆ ಎಂಬುದನ್ನು ಮರೆಯಬಾರದು.

ಆದರೆ ಶ್ವಾಸಕೋಶಕ್ಕೆ ಹೋಗುವ ರೇಡಾನ್ ವಿಷಯ ಬೇರೆ. ಅದು ಕ್ಯಾನ್ಸರ್ ತರಬಲ್ಲದು ಎಂಬುದು ಖಚಿತವಾಗಿದೆ. ಮನೆಯ ಗಾಳಿಯಲ್ಲಿ ಅದು ಘನಮೀಟರಿಗೆ 100 ಬೆಕೆರಲ್ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿತು. ಬೀಡಿ ಸಿಗರೇಟು ಸೇದುವವರಿಗೆ ರೇಡಾನ್‌ನಿಂದಾಗುವ ಅಪಾಯ ಸೇದದವರಿಗಿಂತ ಸುಮಾರು 25 ಪಟ್ಟು ಎಂಬುದು ಅದೇ ಸಂಸ್ಥೆಯ ಅಂದಾಜು.

ಮನೆಮಂದಿ ಮಾಡಬಹುದಾದದ್ದು ಸರಳ. ಕಿಟಕಿ ತೆರೆದು ಗಾಳಿಯಾಡಲು ಬಿಡಬೇಕು, ನೆಲದ ಬಿರುಕು ಮುಚ್ಚಬೇಕು, ಹೊಗೆಬತ್ತಿ ಬಿಡಬೇಕು. ಮಗುವಿಗೆ ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್ ಅಗತ್ಯವೆಂದು ವೈದ್ಯರು ಹೇಳಿದರೆ ಹೆದರಿ ತಪ್ಪಿಸಬಾರದು. ಹಾಗೆಯೇ ‘ಯಾವುದಕ್ಕೂ ಇರಲಿ’ ಎಂದು ತಾವಾಗಿ ಕೇಳಿ ಮಾಡಿಸಲೂಬಾರದು. ಹಳೆಯ ಫಿಲ್ಮುಗಳನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಿದರೆ ಎಷ್ಟೋ ಸಲ ಮತ್ತೊಮ್ಮೆ ತೆಗೆಸುವ ಪ್ರಸಂಗವೇ ಬರುವುದಿಲ್ಲ.